ಒಗ್ಗರಣೆ ಇಲ್ಲದ ಅವಲಕ್ಕಿ

ನನ್ನ ಮಾವ ಮುಂಬೈಯಲ್ಲಿ ಹೋಟೆಲು ನಡೆಸಿದವರು. ನಡೆಸಿದವರು ಎಂದರೆ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಚಿಲ್ಲರೆ ಎಣಿಸಿದವರಲ್ಲ, ಆಯುಷ್ಯದ ಬಹುಪಾಲು ಒಳಗೆ ಬಾಣಲೆಯ ಎದುರು ನಿಂತವರು. ಹೋಟೆಲು ಮಾರಿ ಊರಿಗೆ ಬಂದು, ಕುಂದಾಪುರ ದಾಟಿ ಬೈಂದೂರಿಗೆ ಹೋಗುವ ಹೆದ್ದಾರಿಯಿಂದ ತುಸು ಒಳಗೆ ಮನೆ ಕಟ್ಟಿಸಿದ ಮೇಲೂ ಅವರು ಸೌಟು ಕೆಳಗಿಡಲಿಲ್ಲ. ಅತ್ತೆಗೆ ಮಂಡಿನೋವು. ಅಡುಗೆಮನೆಯ ಬಾಗಿಲಿಗೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು, ಅಲ್ಲಿಂದಲೇ ಗಂಡನ ತಪ್ಪು ಹುಡುಕುವುದು ಅವರ ಪಾಲಿನ ಕೆಲಸ. ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ಈ ವ್ಯವಸ್ಥೆ ವಿಚಿತ್ರವಾಗಿ ಕಂಡಿತ್ತು. ಒಂದು ವಾರದಲ್ಲಿ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಇರಲಾರದು ಎಂದು ಮನದಟ್ಟಾಯಿತು. ಕೈಗೆ ಬಂದ ಬಿಸಿಬಿಸಿ ಗೋಳಿಬಜೆಯನ್ನು ಬೇಡ ಎನ್ನುವಷ್ಟು ಆದರ್ಶ ಸೊಸೆ ನಾನಲ್ಲ.

ಹಾಗಿದ್ದವಳು ಬಸುರಿಯಾದೆ, ಎಲ್ಲವೂ ಬುಡಮೇಲಾಯಿತು.

ಬಸುರಿಯರಿಗೆ ವಾಕರಿಕೆ ಇದ್ದದ್ದೇ, ಅದರಲ್ಲೇನು ಹೊಸತು ಎಂದು ಹೇಳಿದವರು ಬಹಳ ಮಂದಿ. ಅಂಥವರನ್ನೆಲ್ಲ ಒಂದು ದಿನ ನನ್ನ ಹೊಟ್ಟೆಯೊಳಗೆ ಕೂರಿಸಬೇಕಿತ್ತು. ನನಗೆ ಆಗದೇ ಹೋದದ್ದು ಎಣ್ಣೆಯ ವಾಸನೆ. ಕಾದ ಎಣ್ಣೆ, ಸಿಡಿದ ಸಾಸಿವೆ, ಇಂಗು, ಕರಿಬೇವು, ಹಿಂದೆ ಯಾವುದಕ್ಕೆ ಬಾಯಿ ನೀರೂರುತ್ತಿತ್ತೋ ಅದಕ್ಕೆಲ್ಲ ಈಗ ಕರುಳು ಕಿತ್ತುಬರುತ್ತಿತ್ತು. ನಾನು ಕೆಲಸ ಮಾಡುತ್ತಿದ್ದದ್ದು ಗೇರುಬೀಜದ ಫ್ಯಾಕ್ಟರಿಯ ಆಫೀಸಿನಲ್ಲಿ. ಅಲ್ಲಿ ಬೀಜ ಬೇಯಿಸುವ ವಾಸನೆ. ರಜೆ ಹಾಕಿ ಮನೆಯಲ್ಲಿ ಕೂತರೆ ಇಲ್ಲಿ ಮಾವನ ಬಾಣಲೆ. ಬ್ರಹ್ಮಾವರದ ತವರಿಗೆ ಹೋಗೋಣವೆಂದರೆ, ನನ್ನ ಅಮ್ಮ ಚಕ್ಕುಲಿ, ಖಾರಕಡ್ಡಿ ಕರಿದು ಅಂಗಡಿಗಳಿಗೆ ಕೊಡುವವಳು. ಎಣ್ಣೆ ಕಾಯದ ಹೊತ್ತೇ ಆ ಮನೆಯಲ್ಲಿಲ್ಲ. "ಇಲ್ ಬಂದ್ರೆ ನೀನ್ ಸತ್ತೇ ಹೋತೆ, ಅಲ್ಲೇ ಇರ್," ಎಂದು ಅಮ್ಮನೇ ಫೋನಿನಲ್ಲಿ ಹೇಳಿದಳು.

ಹೊಟ್ಟೆಯಲ್ಲಿ ಅನ್ನ ನಿಲ್ಲುತ್ತಿರಲಿಲ್ಲ, ಗಂಜಿ ನಿಲ್ಲುತ್ತಿರಲಿಲ್ಲ. ಕುಂದಾಪುರದ ಡಾಕ್ಟರಮ್ಮ ತೂಕ ನೋಡಿ ಮುಖ ಗಂಟಿಕ್ಕಿದರು. ಮಾತ್ರೆ ಬರೆದುಕೊಟ್ಟು, ಮುಂದಿನ ಸಲ ಬರುವಾಗ ತೂಕ ಇನ್ನೂ ಇಳಿದಿದ್ದರೆ ಅಡ್ಮಿಟ್ ಮಾಡಿ ಡ್ರಿಪ್ ಹಾಕಬೇಕಾಗುತ್ತದೆ, ಏನಾದರೂ ಸರಿ, ಹೊಟ್ಟೆಯಲ್ಲಿ ನಿಲ್ಲುವುದನ್ನು ತಿನ್ನು ಎಂದರು. ಹಿಂದಿನ ವರ್ಷ ನಾನು ಒಂದು ಮಗುವನ್ನು ಕಳೆದುಕೊಂಡಿದ್ದೆ. ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು, ಇಬ್ಬರೂ ಅದರ ಮಾತೆತ್ತಲಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ಕಿಟಕಿಯ ಕಡೆ ಮುಖ ಮಾಡಿ ಅತ್ತುಬಿಟ್ಟೆ. ನನಗೆ ಬಹಳ ಭಯವಾಗಿತ್ತು.

ನನ್ನ ಗಂಡ ಕೊಲ್ಲೂರಿನ ಒಂದು ಲಾಡ್ಜಿನಲ್ಲಿ ಮ್ಯಾನೇಜರು. ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆಯೇ ಮನೆ. ಪಾಪ, ಬರುವಾಗ ದಿನಾ ಏನಾದರೊಂದು ಹಣ್ಣು ತರುತ್ತಿದ್ದರು, ತಂದು ಮುಖ ನೋಡುತ್ತ ನಿಲ್ಲುತ್ತಿದ್ದರು. ಹಗಲಿಡೀ ನನ್ನ ಜೊತೆಗಿದ್ದವರು ಮಾವ ಮತ್ತು ಅತ್ತೆ.

ಮಾವನಿಗೆ ಮೊದಲು ಅರ್ಥವೇ ಆಗಲಿಲ್ಲ. ಅವರ ಒಗ್ಗರಣೆಗೆ ಒಬ್ಬರು ಮೂಗು ಮುಚ್ಚಿಕೊಂಡು ಓಡುತ್ತಾರೆ ಎನ್ನುವುದು ಅವರ ಅನುಭವದಲ್ಲೇ ಇರಲಿಲ್ಲ.

"ಎಣ್ಣಿ ಸರಿ ಇಲ್ಲೆ. ನಾಳೆ ಬೇರೆ ತತ್ತೆ," ಎಂದರು.

"ಹ್ವಾಯ್, ಎಣ್ಣಿ ಸರಿ ಇತ್ತ್," ಎಂದರು ಅತ್ತೆ ಕುರ್ಚಿಯಿಂದ. "ಸರಿ ಇಲ್ದಿದ್ದ್ ನಿಮ್ ತಲಿ. ಬಸ್ರಿ ಹೆಂಗ್ಸಿಗೆ ವಾಸ್ನಿ ಆತಿಲ್ಲೆ."

ಆ ದಿನ ಮಾವ ಬಹಳ ಹೊತ್ತು ಹಿಂದಿನ ಜಗಲಿಯಲ್ಲಿ ಕೂತಿದ್ದರು. ಆಮೇಲೆ ಬಂದು, ಬೆಂಕಿ ತಾಗಿಸದೆ ಕೋಸಂಬರಿ ಮಾಡಿಕೊಡುತ್ತೇನೆ ಎಂದು ಹೆಸರುಬೇಳೆ ನೆನೆಹಾಕಿದರು. ಎಳೆ ಸೌತೆಕಾಯಿ ಹೆಚ್ಚಿದರು, ಕಾಯಿ ತುರಿದರು, ಲಿಂಬೆ ಹಿಂಡಿದರು. ನಾನು ಬಾಗಿಲ ಬಳಿ ನಿಂತು ನೋಡುತ್ತಿದ್ದೆ. ಎಷ್ಟೋ ದಿನಗಳ ಮೇಲೆ ನಾಲಿಗೆಯಲ್ಲಿ ಒಂದು ಆಸೆ ಹುಟ್ಟಿತು. ಅಷ್ಟರಲ್ಲಿ ಮಾವ ಯಾವ ಯೋಚನೆಯೂ ಇಲ್ಲದೆ ಗ್ಯಾಸ್ ಹೊತ್ತಿಸಿ, ಒಗ್ಗರಣೆ ಸೌಟಿಗೆ ಎಣ್ಣೆ ಬಿಟ್ಟು, ಸಾಸಿವೆ ಸಿಡಿಸಿ, ಚೊಂಯ್ ಎಂದು ಅದರ ಮೇಲೆ ಸುರಿದೇಬಿಟ್ಟರು.

ನಾನು ಬಚ್ಚಲಿಗೆ ಓಡಿದೆ. ತಿರುಗಿ ಬರುವಾಗ ಅವರು ಖಾಲಿ ಸೌಟು ಹಿಡಿದುಕೊಂಡು ಹಾಗೆಯೇ ನಿಂತಿದ್ದರು.

"ಎಂತಕೆ ಹಾಕ್ದ್ರಿ?" ಎಂದು ಅತ್ತೆ ಕೇಳಿದರು.

"ನಾನ್ ಹಾಕಿದ್ದಲ್ಲ ಮರಾಯ್ತಿ. ಕೈ ತನ್ನಷ್ಟಕೇ ಹೋಯ್ತ್."

ಅದು ನಿಜ. ಹೋಟೆಲಿನವರ ಕೈ ಅದು, ಒಗ್ಗರಣೆ ಬೀಳದೆ ಒಂದು ಪದಾರ್ಥ ಮುಗಿಯಿತೆಂದು ಅದಕ್ಕೆ ಅನ್ನಿಸುವುದೇ ಇಲ್ಲ. ನನಗೆ ಸಿಟ್ಟೂ ಬಂತು, ನಗುವೂ ಬಂತು, ಎರಡಕ್ಕೂ ಮೈಯಲ್ಲಿ ತ್ರಾಣ ಇರಲಿಲ್ಲ.

ಮರುದಿನ ನಾನು ಏಳುವಷ್ಟರಲ್ಲಿ ಅಡುಗೆಮನೆಯ ಕಟ್ಟೆ ಬೋಳಾಗಿತ್ತು. ಮಾವ ಗ್ಯಾಸ್ ಒಲೆ, ಸಿಲಿಂಡರು ಎರಡನ್ನೂ ಹಿತ್ತಲಲ್ಲಿ ಕಟ್ಟಿಗೆ ಒಟ್ಟುವ ಮಾಡಿನ ಕೆಳಗೆ ಸಾಗಿಸಿದ್ದರು. ಎಣ್ಣೆಯ ಡಬ್ಬಿ, ಸಾಸಿವೆಯ ಭರಣಿ ಕೂಡ ಅಲ್ಲಿಗೇ ಹೋಗಿತ್ತು. ಬೆಳಿಗ್ಗೆ ಬೇಗ ಅನ್ನ ಸಾರು ಅಲ್ಲೇ ಮಾಡಿ ಮುಗಿಸುತ್ತೇನೆ, ಆಮೇಲೆ ಈ ಮನೆಯಲ್ಲಿ ಬೆಂಕಿ ಇಲ್ಲ ಎಂದು ಸಾರಿದರು. ಸಂಜೆಯ ಚಹಾ ಕೂಡ ಇಲ್ಲ. ಚಹಾ ಇಲ್ಲದೆ ಅವರು ಒಂದು ದಿನ ಕಳೆದದ್ದನ್ನು ಅತ್ತೆಯೂ ಕಂಡಿರಲಿಲ್ಲವಂತೆ.

ಹೀಗೆ ಶುರುವಾಯಿತು ನಮ್ಮ ಮನೆಯ ಹಸಿ ತಿಂಡಿಯ ಕಾಲ. ಈಗ ಫೋನು ತೆರೆದರೆ ಸಾಕು, ಹಸಿಯಾಗಿ ತಿನ್ನಿ, ಆರೋಗ್ಯ ಕಾಪಾಡಿ ಎಂದು ಯಾರು ಯಾರೋ ಪಾಠ ಹೇಳುತ್ತಾರೆ. ಅವರು ತೋರಿಸುವ ಬೀಜಗಳ ಹೆಸರು ಕೂಡ ನನಗೆ ಬಾಯಿಗೆ ಬರುವುದಿಲ್ಲ. ಮಾವನಿಗೆ ಪಾಠ ಹೇಳಲು ಅತ್ತೆ ಸಾಕಿತ್ತು, ಸಾಮಾನೆಲ್ಲ ಮನೆಯಲ್ಲೇ ಇತ್ತು.

ಕಲಿಯುವುದು ಅವರಿಗೆ ಸುಲಭವಾಗಲಿಲ್ಲ. ಮಾವ ಅಡುಗೆ ಮಾಡುವಾಗ ಎಂದೂ ರುಚಿ ನೋಡಿದವರಲ್ಲ. ಬಾಣಲೆಯಿಂದ ಏಳುವ ಪರಿಮಳದಲ್ಲೇ ಉಪ್ಪು ಎಷ್ಟಿದೆ, ಮೆಣಸು ಹಸಿಯೋ ಹುರಿದಿದೆಯೋ ಎಂದು ಹೇಳಬಲ್ಲವರು. ಹಸಿ ತಿಂಡಿಗೆ ಹಾಗೆ ಏಳುವ ಪರಿಮಳವೇ ಇಲ್ಲ. ಕಾಯಿತುರಿಯ ಬಟ್ಟಲನ್ನು ಮೂಗಿನ ಹತ್ತಿರ ಹಿಡಿದು, ಏನೂ ತಿಳಿಯದೆ ಪೆಚ್ಚಾಗಿ ನೋಡುತ್ತಿದ್ದರು. ಕೊನೆಗೆ, ಅಷ್ಟು ವಯಸ್ಸಿನಲ್ಲಿ, ತಾವು ಮಾಡಿದ್ದನ್ನು ಬಾಯಿಗೆ ಹಾಕಿ ನೋಡುವುದನ್ನು ರೂಢಿಸಿಕೊಂಡರು. ಕೆಲಸ ಬಲ್ಲವನೊಬ್ಬ ಬಲ್ಲೆನೆಂಬುದನ್ನು ಬದಿಗಿಟ್ಟು ಮತ್ತೆ ಮೊದಲಿನಿಂದ ಕಲಿಯುವುದನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ನನಗಂತೂ ಆ ತಾಳ್ಮೆ ಇಲ್ಲ.

ಅವಲಕ್ಕಿ ಕಲಸುವುದನ್ನು ಅವರು ಕಲಿತದ್ದೇ ಒಂದು ಕತೆ. ಹೋಟೆಲಿನಲ್ಲಿ ಅವಲಕ್ಕಿ ಎಂದರೆ ಒಗ್ಗರಣೆ ಮೊದಲು, ಅವಲಕ್ಕಿ ಆಮೇಲೆ. ಅತ್ತೆಯ ಕ್ರಮ ಬೇರೆ. ಕಾಯಿತುರಿ, ಬೆಲ್ಲ, ಚಿಟಿಕೆ ಉಪ್ಪು, ಒಂದು ತುಂಡು ಹಸಿಮೆಣಸು, ಇಷ್ಟನ್ನೇ ಪಾತ್ರೆಗೆ ಹಾಕಿ ಬೆರಳಿನಲ್ಲಿ ಗಿವುಚಬೇಕು. ಕಾಯಿ ಹಾಲು ಬಿಡಬೇಕು, ಬೆಲ್ಲ ಕರಗಬೇಕು, ಬೆರಳ ಸಂದಿಯಲ್ಲಿ ಅಂಟು ಅಂಟಾಗಬೇಕು. ಆಮೇಲೆ ತೆಳು ಅವಲಕ್ಕಿ ಹಾಕಿ ಹಗುರವಾಗಿ ಮಗುಚಿ, ಮುಚ್ಚಳ ಮುಚ್ಚಿ ಬಿಟ್ಟುಬಿಡಬೇಕು. ನೀರು ಚಿಮುಕಿಸುವ ಹಾಗಿಲ್ಲ.

"ಹ್ವಾಯ್, ಬಡ್ದ್ ಬಡ್ದ್ ಹಾಕ್ಬೇಡಿ, ಅದ್ ಬಜಿ ಹಿಟ್ಟಲ್ಲ," ಎಂದು ಅತ್ತೆ ಕುರ್ಚಿಯಿಂದ ಕೂಗುವರು.

"ನೀ ಸುಮ್ನಿರ್. ಮೂವತ್ತ್ ಜನಕ್ಕೆ ಒಟ್ಟಿಗೇ ಮಾಡ್ದವ ನಾನ್."

"ಮೂವತ್ತ್ ಜನ ಅಲ್ಲ ಇಲ್ಲಿಪ್ಪುದ್. ಒಂದ್ ಹೆಣ್ಣ್."

ಮೂವತ್ತು ಜನರ ಲೆಕ್ಕ ಅವರ ತಲೆಯಿಂದ ಇಳಿಯಲು ಬಹಳ ದಿನ ಹಿಡಿಯಿತು. ಒಮ್ಮೆ ಹೆಸರುಕಾಳು ಮೊಳಕೆ ಕಟ್ಟಲೆಂದು ದೊಡ್ಡ ಡಬ್ಬಿಯ ತುಂಬ ನೆನೆಹಾಕಿದರು. ಎರಡು ಬೈರಾಸು ಟವೆಲ್ಲು ಬೇಕಾಯಿತು ಕಟ್ಟಲು. ಮೊಳಕೆಗಳು ಚೆನ್ನಾಗಿ ಬಂದ ದಿನವೇ, ಫೋನು ಮಾಡಿ ಕೇಳಿದಾಗ, ಬಸುರಿಯರಿಗೆ ಮೊಳಕೆ ಕಾಳು ಹಸಿಯಾಗಿ ಬೇಡ, ಬೇಯಿಸಿ ಕೊಡಿ ಎಂದರು ಡಾಕ್ಟರಮ್ಮ. ಮಾವ ಪಾತ್ರೆ ಹೊತ್ತುಕೊಂಡು ಹೋಗಿ ನಮ್ಮ ಸುತ್ತಿನ ಮನೆಗಳಿಗೆಲ್ಲ ಹಂಚಿ ಬಂದರು. ಎರಡು ದಿನ ಎಲ್ಲರ ಮನೆಯಲ್ಲೂ ಹೆಸರುಕಾಳೇ ಪಲ್ಯ. ಬೇಲಿಯಾಚೆಯ ಮನೆಯಾಕೆ ನನ್ನನ್ನು ಕಂಡು, "ಬಸ್ರಿ ನೀನಾ, ನಾವಾ?" ಎಂದು ಕೇಳಿದಳು.

ಎಳ್ಳುಂಡೆ ಮಾಡಹೊರಟರೆ, ಎಳ್ಳು ಉಷ್ಣ, ಬಸುರಿಗೆ ಆಗದು ಎಂದು ಅತ್ತೆ ತಡೆದರು. ಸರಿ, ಎಳ್ಳು ಬಿಟ್ಟು ಖರ್ಜೂರದ ಬೀಜ ತೆಗೆದು, ಗೇರುಬೀಜವನ್ನು ಒರಳಲ್ಲಿ ತರಿತರಿಯಾಗಿ ಕುಟ್ಟಿ, ಕಾಯಿತುರಿ ಸೇರಿಸಿ ಉಂಡೆ ಕಟ್ಟಿದರು. ಒಂದೊಂದೂ ಸುಲಿದ ಅಡಿಕೆಯಷ್ಟೇ ಚಿಕ್ಕದು. ಹೆಚ್ಚು ಕಂಡರೆ ನನಗೆ ಹೆದರಿಕೆಯಾಗುತ್ತದೆ ಎಂದು ಅವರಿಗೆ ಅದಾಗಲೇ ತಿಳಿದಿತ್ತು. ತಟ್ಟೆಯಲ್ಲಿ ಒಂದೇ ಇಟ್ಟು ತಂದು, ಟೇಬಲ್ಲಿನ ಮೇಲಿರಿಸಿ, ನನ್ನ ಕಡೆ ನೋಡದೆ ಪೇಪರು ಓದುತ್ತ ಕೂರುತ್ತಿದ್ದರು. ತಿನ್ನು ಎಂದು ಒಮ್ಮೆಯೂ ಒತ್ತಾಯಿಸಲಿಲ್ಲ. ತಿಂದರೆ ಇನ್ನೊಂದು ಬರುತ್ತಿತ್ತು. ತಿನ್ನದಿದ್ದರೆ ಸದ್ದಿಲ್ಲದೆ ತಟ್ಟೆ ಹೋಗುತ್ತಿತ್ತು. ಬಡಿಸಿ ಬಡಿಸಿ ಅನುಭವವಿದ್ದವರಿಗೆ ಮಾತ್ರ ಬರುವ ಮರ್ಯಾದೆ ಅದು. ಸಲಹೆ ಕೊಡುವವರಿಂದ ರೋಸಿಹೋಗಿದ್ದ ನನಗೆ ಮಾವನ ಮೌನವೇ ಅರ್ಧ ಔಷಧವಾಯಿತು.

ಎಲ್ಲವೂ ಹೊಟ್ಟೆಯಲ್ಲಿ ನಿಂತಿತು ಎಂದಲ್ಲ. ನೆಲ್ಲಿಕಾಯಿಗೆ ಉಪ್ಪು ಹಚ್ಚಿ ಕೊಟ್ಟದ್ದು ನಿಂತಿತು. ಬಾಳೆಹಣ್ಣು, ಕಾಯಿಹಾಲು, ಏಲಕ್ಕಿಯ ರಸಾಯನ ಎರಡು ದಿನ ನಿಂತು ಮೂರನೆಯ ದಿನ ಹೊರಬಂತು. ಒಗ್ಗರಣೆ ಬೀಳದ ಕೋಸಂಬರಿಯನ್ನು ಒಂದು ಸಂಜೆ ನಾನು ಎರಡು ಸಲ ಹಾಕಿಸಿಕೊಂಡೆ. ಮಾವ ಪೇಪರಿನ ಹಿಂದಿನಿಂದ, "ಉಪ್ಪ್ ಸಾಕಾ?" ಎಂದು ಕೇಳಿದರು. ಸಾಕು ಎಂದೆ.

ಎಲ್ಲಕ್ಕಿಂತ ಭದ್ರವಾಗಿ ನಿಂತದ್ದು ಅವಲಕ್ಕಿ. ಹಸಿಯಾಗಿ ಕಲಸಿದ, ಬೆಲ್ಲದ ಕಂಪಿನ, ಎಣ್ಣೆಯ ಸುಳಿವೇ ಇಲ್ಲದ ಅವಲಕ್ಕಿ. ದಿನಾ ಸಂಜೆ ಒಂದು ಹಿಡಿ, ಆಮೇಲೆ ಎರಡು ಹಿಡಿ. ಮಧ್ಯಾಹ್ನದ ಮೊಸರನ್ನವೂ ನಿಧಾನವಾಗಿ ಅದರ ಹಿಂದೆ ಬಂತು.

ಮುಂದಿನ ತಪಾಸಣೆಗೆ ಕುಂದಾಪುರಕ್ಕೆ ಮಾವನೇ ಜೊತೆಗೆ ಬಂದರು. ನಾನು ತೂಕದ ಯಂತ್ರದ ಮೇಲೆ ನಿಂತಾಗ ಕಣ್ಣು ಮುಚ್ಚಿಕೊಂಡಿದ್ದೆ. ತೂಕ ಏರಿತ್ತು. ಹೆಚ್ಚೇನಲ್ಲ, ಆದರೆ ಏರಿತ್ತು. ಮಗುವಿನ ಎದೆಬಡಿತ ಚೆನ್ನಾಗಿದೆ, ಅಡ್ಮಿಟ್ ಆಗುವುದು ಬೇಡ ಎಂದರು ಡಾಕ್ಟರಮ್ಮ. ಆ ಮಗು ಈಗ ಅಂಗನವಾಡಿಗೆ ಹೋಗುತ್ತದೆ, ಟೀಚರಿಗೆ ಎದುರುತ್ತರ ಕೊಡುತ್ತದೆ. ಆ ದಿನ ಡಾಕ್ಟರಮ್ಮನ ಕೋಣೆಯಿಂದ ಹೊರಗೆ ಬಂದು ಹೇಳಿದಾಗ ಮಾವ, "ಹೌದಾ" ಎಂದಷ್ಟೇ ಹೇಳಿ ಬೆಂಚಿನ ಮೇಲೆ ಕೂತರು. ಬಸ್ಸಿಗೆ ಹೊತ್ತಾಗುತ್ತದೆ ಎಂದು ನಾನೇ ಏಳಿಸಬೇಕಾಯಿತು.

ಮನೆಗೆ ಬಂದವರೇ ಕೈಕಾಲು ತೊಳೆದು ಅವಲಕ್ಕಿ ಕಲಸಲು ನಿಂತರು. ನಾನು ಅತ್ತೆಯ ಪಕ್ಕದಲ್ಲಿ ನೆಲದ ಮೇಲೆ ಕೂತು ತೂಕದ ಸುದ್ದಿ ಹೇಳಿದೆ. ಅತ್ತೆ ನನ್ನ ತಲೆ ನೇವರಿಸಿದರು. ಹಾಗೆಯೇ ಹೇಳತೊಡಗಿದರು.

"ನಿನ್ ಗಂಡ ನನ್ ಹೊಟ್ಟಿಲಿಪ್ಪತಿಗೆ ನಾನೂ ಹಿಂಗೇ ಕಕ್ಕಿದ್ದೆ ಹೆಣ್ಣೆ. ನಮ್ದ್ ಹೋಟ್ಲಿನ್ ಮೇಲಿನ್ ರೂಮ್. ಬೆಳಿಗ್ಗೆ ಬಾಣ್ಲಿ ಇಟ್ರೆ ರಾತ್ರಿ ತನ್ಕ ಇಳ್ಸುದಿಲ್ಲೆ. ಕಿಟ್ಕಿ ಹಾಕ್ರೆ ಉಸ್ರ್ ಕಟ್ಟುದ್, ತೆಗ್ದ್ರೆ ಎಣ್ಣಿ ವಾಸ್ನಿ. ನೀರ್ ಕುಡ್ಕಂಡೇ ದಿನ ಕಳ್ದೆ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಗಂಡನಿಗೆ ಕೇಳಲಿ ಎಂದು ಹೇಳಿದ್ದೂ ಅಲ್ಲ. ಆದರೆ ಮಾವ ನಿಂತದ್ದು ಎರಡು ಮಾರು ದೂರದಲ್ಲಿ. ಕಲಸುತ್ತಿದ್ದ ಕೈ ನಿಂತಿತು. ನಾನು ತಲೆ ತಗ್ಗಿಸಿದೆ.

ಮಾವ ನಮ್ಮ ಕಡೆ ತಿರುಗಲಿಲ್ಲ. "ಆಗ್ಳಿಕೂ ಗೊತ್ತಿತ್ತ್ ನಂಗೆ," ಎಂದರು. "ನೀ ಮೇಲೆ ಕಕ್ಕುದ್ ಕೆಳ್ಗೆ ಕೇಳ್ತಿತ್ತ್. ಒಲಿ ಆರ್ಸುಕೆ ಧೈರ್ಯ ಬರ್ಲಿಲ್ಲೆ."

ಮಾವ ಎರಡು ತಟ್ಟೆಗಳಿಗೆ ಅವಲಕ್ಕಿ ಹಾಕಿ ತಂದರು. ಮೊದಲ ತಟ್ಟೆಯನ್ನು ಅತ್ತೆಯ ಕೈಗೆ ಕೊಟ್ಟರು, ಎರಡನೆಯದನ್ನು ನನಗೆ. ಅತ್ತೆ ಒಂದು ಹಿಡಿ ಬಾಯಿಗೆ ಹಾಕಿ, ನಿಧಾನವಾಗಿ ಅಗಿದು, "ಬೆಲ್ಲ ಕಮ್ಮಿ ಆಯ್ತ್," ಎಂದರು. ಮಾವ ಬೆಲ್ಲ ತರಲು ಒಳಗೆ ಹೋದರು. ಅವರು ಅತ್ತ ಹೋದದ್ದೇ ಅತ್ತೆ ಸೆರಗೆತ್ತಿ ಕಣ್ಣು ಒರೆಸಿಕೊಂಡರು. ನಾನು ತಿನ್ನುತ್ತಿದ್ದದ್ದೂ ಅದೇ ಅವಲಕ್ಕಿ. ಬೆಲ್ಲ ಸರಿಯಾಗಿಯೇ ಇತ್ತು.