ಕರಡಿ ಹರಿದ ಹೆಗಲು, ನುಸಿ ತಿಂದ ಹೊಲ

ನಿಮಗೆ ಕರಡಿಯ ಹೆದರಿಕೆಯೋ, ನುಸಿಯ ಹೆದರಿಕೆಯೋ? ನಕ್ಕಿರಾ? ನಗಿರಿ. ಮೊನ್ನೆ ಹಾವೇರಿಯಿಂದ ಹೊರಟಾಗ ನಾನೂ ನಗುತ್ತಲೇ ಇದ್ದೆ.

ದಸರೆ ಮುಗಿದಿತ್ತು, ಮೋಡ ಮುಗಿದಿರಲಿಲ್ಲ. ಬೆಳಗಿನ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿನ ದುಡ್ಡಿಲ್ಲ, ಕೂರಲು ಸೀಟೂ ಇಲ್ಲ. ಒಂದು ತಾಸು ಕಂಬ ಹಿಡಿದು ನಿಂತು ರಾಣೆಬೆನ್ನೂರು ಮುಟ್ಟಿದೆ. ಅಲ್ಲಿಂದ ಟಂಟಂ ಹತ್ತಿ ಹಲಗೇರಿಗೆ, ತಮ್ಮ ಬಸಣ್ಣನ ಮನೆಗೆ ಹೋದೆ. ಮೂರು ವಾರದ ಹಿಂದೆ ಗೋವಿನಜೋಳದ ಹೊಲದಲ್ಲಿ ನಸುಕಿಗೇ ಕರಡಿ ಅವನ ಹೆಗಲು ಹರಿದಿತ್ತು. ಹೆಂಡತಿ ಇಲ್ಲದ ಮನುಷ್ಯ. ಆಸ್ಪತ್ರೆಯಲ್ಲಿ ಎರಡು ವಾರ ಅವನ ಮಗ್ಗುಲಲ್ಲಿ ಕುಳಿತವಳು ನನ್ನ ತಂಗಿ ಗಿರಿಜಾ. ನಾನಾಗ ಕಣ್ಣಿನ ಆಪರೇಶನ್ ಮಾಡಿಸಿಕೊಂಡು, ಕಪ್ಪು ಕನ್ನಡಕ ಹಾಕಿ ಮನೆಯಲ್ಲಿದ್ದೆ.

ಬಸಣ್ಣನ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಾತಾಡಿಸಲು ಬಂದವರು ತಂದ ಬ್ರೆಡ್ಡು, ಬಾಳೆಹಣ್ಣು ಕಿಟಕಿಯ ತುಂಬ.

“ಎಮ್ಮಿಯಷ್ಟಿತ್ತು ಅಕ್ಕಾ ಅದು!” ಎಂದ.

“ನಿನ್ನೆ ಫೋನ್‌ನಾಗ ಕರುವಿನಷ್ಟ ಇತ್ತಲ್ಲೋ? ಒಂದ ದಿನದಾಗ ಏನ್ ಮೇಯಿಸಿದ್ಯೋ?”

ಎಲ್ಲರೂ ನಕ್ಕರು. ಅವನೂ ನಗಲು ಹೋಗಿ ಹೆಗಲು ಹಿಡಿದುಕೊಂಡ. ಆ ಕೈ ಇನ್ನೂ ಮೇಲೇಳುವುದಿಲ್ಲ.

ರೊಟ್ಟಿ, ಪುಂಡಿಪಲ್ಯ ಉಂಡು ಬ್ಯಾಡಗಿ ಬಸ್ಸು ಹಿಡಿದೆ. ಇಳಿದ ಕೂಡಲೇ ಮೆಣಸಿನಕಾಯಿ ಘಾಟಿಗೆ ಸೀನು ಬಂತು. ಕದರಮಂಡಲಗಿ ರಸ್ತೆಯಲ್ಲಿ ಆಟೋದವನು ಗಿರಿಜಾಳ ಮೆಣಸಿನಕಾಯಿ ಹೊಲದ ಹತ್ತಿರವೇ ಬಿಟ್ಟ. ಅಲ್ಲಿ ಅವಳೊಬ್ಬಳೇ ಇದ್ದಳು, ಯಾರೂ ಮಾತಾಡಿಸಲು ಬಂದಿರಲಿಲ್ಲ. ದೂರದಿಂದ ಹೊಲವೆಲ್ಲ ಹಸಿರು. ಹತ್ತಿರ ಹೋದರೆ ಎಲೆಗಳ ಅಂಚು ಕೆಳಕ್ಕೆ ಮಡಚಿ, ಹೂವೆಲ್ಲ ಉದುರಿ ಬಿದ್ದಿತ್ತು.

“ಏನಾತವ್ವಾ ಇದಕ್ಕ?”

“ನುಸಿ.”

“ಎಲ್ಲೈತಿ?”

ಎಲೆ ತಿರುವಿ ತೋರಿಸಿದಳು. ಹೊಸ ಕಣ್ಣಿಗೂ ಏನೂ ಕಾಣಲಿಲ್ಲ. ಫೋನಿನಲ್ಲಿ ಫೋಟೋ ತೆಗೆದು ಬೆರಳಿನಿಂದ ಹಿಗ್ಗಿಸಿದೆ. ಎಲೆ ದೊಡ್ಡದಾಯಿತು, ಅಷ್ಟೇ.

“ಕಣ್ಣಿಗೆ ಕಂಡಿದ್ರ ಬಡಿಗಿ ತಗೋತಿದ್ದೆ,” ಎಂದಳು.

ಕರಡಿ ಬಂದಾಗ ನಾಯಿ ಬೊಗಳಿದವು, ಊರು ಓಡಿಬಂತು. ನುಸಿ ಬಂದಾಗ ಗಿರಿಜಾ ಆಸ್ಪತ್ರೆಯ ಬೆಂಚಿನ ಮೇಲಿದ್ದಳು. ಮೊದಲೇ ಕಂಡಿದ್ದರೆ ಔಷಧ ಹೊಡೆಯಬಹುದಿತ್ತು. ಈ ಮೆಣಸಿನಕಾಯಿ ಅವಳ ಅತ್ತೆ ಕೊಟ್ಟ ತಳಿ. ಗಿರಿಜಾ ವರ್ಷವರ್ಷವೂ ಮೊದಲ ಕೊಯ್ಲಿನಲ್ಲಿ ಹೆಚ್ಚು ಸುಕ್ಕಿದ್ದ ಹಣ್ಣು ಆರಿಸಿ, ಬೀಜಕ್ಕೆ ಬೂದಿ ಬೆರೆಸಿ ಎತ್ತಿಡುತ್ತಿದ್ದಳು. ಈ ಸಲ ಇದ್ದ ಬೀಜವನ್ನೆಲ್ಲ ಸಸಿಗೆ ಹಾಕಿದ್ದಳು. ರೋಗದ ಗಿಡದ ಬೀಜವನ್ನು ಆ ಮನೆಯಲ್ಲಿ ಇಡುವುದಿಲ್ಲ. ಅತ್ತೆಯ ತಳಿ ಅಲ್ಲಿಗೇ ಮುಗಿಯಿತು.

ಅವಳು ಗಿಡ ಕಿತ್ತು ಬದುವಿಗೆ ಎಸೆಯುತ್ತಿದ್ದಳು. ನಾನೂ ಸೆರಗು ಸಿಕ್ಕಿಸಿ ಕಿತ್ತೆ. ಬದುವಿನ ಮೇಲೆ ಗಿಡದ ಗುಡ್ಡೆ ಬೆಳೆಯಿತು. ಹಾವೇರಿ ಬಸ್ಸಿನ ಹೊತ್ತಾಗಿತ್ತು. ಆದರೆ ನನ್ನ ಬಾಯಿ ಸುಮ್ಮನಿರಬೇಕಲ್ಲ!

“ನೀ ದವಾಖಾನಿಯಿಂದ ನಾಕು ದಿನ ಮದ್ಲ ಬಂದಿದ್ರ ಅತ್ತಿ ಬೀಜ ಉಳೀತಿದ್ವಲ್ಲ ಗಿರಿಜಾ.”

ಅವಳು ನನ್ನ ಕಡೆ ತಿರುಗಲಿಲ್ಲ. ಇನ್ನೊಂದು ಗಿಡಕ್ಕೆ ಕೈ ಹಾಕಿದಳು.

“ಬೀಜಾ ಪ್ಯಾಟ್ಯಾಗ ಸಿಗತಾವ. ತಮ್ಮ ಯಾವ ಅಂಗಡ್ಯಾಗ ಸಿಗತಾನು, ಕೇಳ್ಕೊಂಡು ಬಾ ಹೋಗು.”