ಬಾಗಿಲಲ್ಲಿ ಕೂತು ಬರೆದ ಮನೆ

ಒದ್ದೆಯಾದ ಡ್ರಾಯಿಂಗ್ ಶೀಟಿನ ವಾಸನೆ ಬಂದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಮಗಳು ಶಾಲೆಯ ಬಣ್ಣದ ಡಬ್ಬಿ ತೆರೆದು ಕೂತಳೆಂದರೆ ಸಾಕು, ಅಡುಗೆಮನೆಯಲ್ಲಿರುವ ನನ್ನ ಮೂಗಿಗೆ ಆ ವಾಸನೆ ಬಂದೇ ಬರುತ್ತದೆ. ಅಂಟು, ಹಸಿ ಕಾಗದ, ಜೊತೆಗೆ ಹಳೇ ಗೋಡೆಯ ಸುಣ್ಣ. ಸುಮ್ಮಸುಮ್ಮನೆ ಅವಳ ಮೇಲೆ ರೇಗುತ್ತೇನೆ. ಅವಳು ಪಿಳಿಪಿಳಿ ನೋಡುತ್ತಾಳೆ, ಪಾಪ, ಅವಳಿಗೇನು ಗೊತ್ತು. ಹಳೆಯ ಮನೆ ನೆನಪಾದರೆ ಕಣ್ಣು ತುಂಬಿಕೊಳ್ಳುವವರನ್ನು ನೋಡಿದ್ದೇನೆ, ನೀವೂ ಅಂಥವರಿರಬಹುದು. ನನಗೆ ಹಲ್ಲು ಕಡಿಯುವಂತಾಗುತ್ತದೆ. ಆದರೂ ಆ ಮನೆ ಈಗ ಇಲ್ಲವಲ್ಲ ಎಂಬ ಸಂಕಟ ನಿಮಗಿರುವಷ್ಟೇ ನನಗೂ ಇದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನನ್ನನ್ನು ಕಲ್ಲುಮನಸ್ಸಿನವಳು ಅನ್ನಬೇಡಿ.

ನಂಜನಗೂಡಿನಲ್ಲಿ ಕಪಿಲೆಯ ಕಡೆಗೆ ಇಳಿಯುವ ಒಂದು ಸಂದಿಯಲ್ಲಿತ್ತು ನಮ್ಮ ಹೆಂಚಿನ ಮನೆ. ಬೀದಿ ಕಡೆಗೆ ದೊಡ್ಡಪ್ಪ, ದೊಡ್ಡಮ್ಮ. ನಡುಮನೆಯ ಹಿಂದೆ ಅಪ್ಪ, ಅಮ್ಮ, ನಾನು. ಹಿತ್ತಲಿನ ನಡುವಿನ ಒಂಟಿ ಕೋಣೆಯಲ್ಲಿ ಅಪ್ಪನ ತಂಗಿ ದೇವೀರತ್ತೆ. ಅವಳನ್ನು ಬಿಳಿಗೆರೆ ಕಡೆಯ ಹಳ್ಳಿಗೆ ಕೊಟ್ಟಿದ್ದರು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದಿದ್ದಳು. ಬಂದ ವರ್ಷವೇ ಅಜ್ಜಿ ಆ ಕೋಣೆಗೆ ಗಾರೆ ಹಾಕಿಸಿ, ಸುಣ್ಣ ಬಳಿಸಿ, 'ಇದು ದೇವೀರಿಗೆ' ಅಂದಿದ್ದಳು. ಅಂದದ್ದು ಬಾಯಿಮಾತಿನಲ್ಲಿ. ದೊಡ್ಡಪ್ಪ ಕಚೇರಿ ಗುಮಾಸ್ತ. ಕಾಗದದ ಮೇಲಿಲ್ಲದ್ದು ನೆಲದ ಮೇಲೂ ಇಲ್ಲ ಎಂದು ನಂಬಿದ್ದ ಮನುಷ್ಯ. 'ನಂಬಿದ್ದವರು' ಎನ್ನಬೇಕು, ಹಿರಿಯರು. ಬಾಯಿಗೆ ಬರುವುದಿಲ್ಲ. ಅತ್ತೆ ಬೀದಿಯವರಿಗೆಲ್ಲ ರವಿಕೆ ಹೊಲಿದುಕೊಡುತ್ತಿದ್ದಳು. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು ಅವಳನ್ನು ಲೋಯರ್ ಗ್ರೇಡ್ ಚಿತ್ರಕಲೆ ಪರೀಕ್ಷೆಗೆ ಕೂರಿಸಿ ಪಾಸು ಮಾಡಿಸಿದ್ದರಂತೆ. ಅವಳ ಪೆಟ್ಟಿಗೆಯ ತಳದಲ್ಲಿ ಬಣ್ಣದ ಬಿಲ್ಲೆಗಳ ತಗಡಿನ ಡಬ್ಬಿಯೊಂದಿತ್ತು, ಗಂಡನ ಮನೆಗೂ ಹೋಗಿ ಬಂದದ್ದು. ಅದನ್ನು ಅವಳು ತೆಗೆದದ್ದು ತೊಂಬತ್ತರ ದಶಕದ ನಡುವಿನ ಆ ಒಂದು ಬೇಸಿಗೆಯಲ್ಲಿ. ಅಜ್ಜಿ ಸತ್ತು ಮೂರು ತಿಂಗಳಾಗಿತ್ತು, ಅಣ್ಣತಮ್ಮಂದಿರು ಪಾಲಿನ ಮಾತೆತ್ತಿದ್ದರು. "ಗೋಡೆ ಎದ್ಮೇಲೆ ಈ ಮನೆ ಇಂಗೆ ಕಾಣಾಕಿಲ್ಲ ಕೂಸೇ. ಅಷ್ಟ್ರೊಳಗೆ ಬರ್ದಿಟ್ಕತೀನಿ" ಅಂದಳು. ನನಗಾಗ ಹನ್ನೊಂದು ವರ್ಷ.

ಮೊದಲ ದಿನ ಮುಂದಿನ ಜಗಲಿಯಲ್ಲಿ ಹಲಗೆ ಇಟ್ಟುಕೊಂಡು ಕೂತಳು. ದೊಡ್ಡಮ್ಮ ಒಳಗಿನಿಂದಲೇ ಕೂಗಿದಳು: "ಗಂಡ ಇಲ್ದೋಳು ಬೀದೀಲಿ ಕುಂತು ಬಣ್ಣ ಬಳ್ಕತಾ ಇದ್ರೆ ನೋಡ್ದೋರು ಏನಂದಾರು?" ನಡುಮನೆಗೆ ಬಂದರೆ ನೆಲಕ್ಕೆ ಬಣ್ಣ ಚೆಲ್ಲುತ್ತಾಳೆಂದು ನನ್ನಮ್ಮನ ಗೊಣಗಾಟ. ಹೊಳೆ ದಂಡೆಗೆ ಹೋಗುತ್ತೇನೆ ಅಂದರೆ ಅಪ್ಪ ಗುರ್ರೆಂದ. ಹೀಗೆ ಎಲ್ಲರೂ ಸೇರಿ ಅಟ್ಟಿ ಅಟ್ಟಿ ಅವಳನ್ನು ಅವಳ ಕೋಣೆಯ ಹೊಸ್ತಿಲಿಗೆ ತಂದು ಕೂರಿಸಿದರು. ಅವಳು ಆ ಬೇಸಿಗೆಯಿಡೀ ಅಲ್ಲಿಯೇ ಕೂತು ಬರೆದಳು. ನಾನು ಬೋರಿಂಗಿನಿಂದ ಲೋಟದಲ್ಲಿ ನೀರು ತಂದಿಟ್ಟು ಪಕ್ಕದಲ್ಲೇ ಕೂರುತ್ತಿದ್ದೆ. ಎದುರಿಗೆ ಇಡೀ ಮನೆಯ ಬೆನ್ನು: ಹೊಗೆ ಹಿಡಿದ ಹೆಂಚು, ಬಟ್ಟೆ ಒಗೆಯುವ ಕಲ್ಲು, ನುಗ್ಗೆಮರ, ಒರಳಿನ ಮುಂದೆ ಬಗ್ಗಿದ ಅಮ್ಮ. ಬಿಸಿಲಿಗೆ ಬಣ್ಣ ಬಳಿಯುತ್ತಿದ್ದಂತೆಯೇ ಒಣಗಿ ಅಂಚು ಕಟ್ಟುತ್ತಿತ್ತು. ಅದಕ್ಕೆಂದೇ ಮೊದಲು ಕಾಗದಕ್ಕೆ ನೀರು ಸವರಿ, ಹೊಳಪು ಸ್ವಲ್ಪ ಇಳಿಯುವವರೆಗೆ ಉಸಿರು ಬಿಗಿಹಿಡಿದು ಕಾಯುತ್ತಿದ್ದಳು. ಬಿಸಿಲು ಬಿದ್ದ ಕಡೆ ಬಿಳಿ ಬಣ್ಣ ಹಚ್ಚು ಎಂದು ನಾನು ಹೇಳಿದರೆ ನಕ್ಕಳು. "ಬಿಸಿಲ ಬಳಿಯಕ್ಕಾಗದಾ? ಅದ ಬುಟ್ಬುಡಬೇಕು. ಕಾಗದವೇ ಬಿಸಿಲು." ನಾನು ಅಷ್ಟು ಸುಖವಾಗಿ ಇನ್ನೆಲ್ಲೂ ಕೂತಿಲ್ಲ. ಮಧ್ಯಾಹ್ನ ಮನೆಯವರೆಲ್ಲ ಗೊರಕೆ ಹೊಡೆಯುವಾಗ ಅವಳ ಮೊಣಕೈ ನನ್ನ ಭುಜಕ್ಕೆ ತಾಗುತ್ತಿತ್ತು, ಕುಂಚ ಲೋಟದಲ್ಲಿ ಟಿಣ್ ಎನ್ನುತ್ತಿತ್ತು. ಕೋಳಿಗೂಡಿಗೇ ಎರಡು ದಿನ ಹಿಡಿದಳು. ಒಟ್ಟು ಹದಿನಾಲ್ಕು ಹಾಳೆ.

ಶಾಲೆ ಶುರುವಾಗುವ ಮೊದಲು ಪಂಚಾಯ್ತಿ ಕೂತಿತು. ಊರ ಕಡೆಯಿಂದ ನಾಲ್ಕು ಜನ ಯಜಮಾನರು ಬಂದು ನಡುಮನೆಯಲ್ಲಿ ಚಾಪೆಯ ಮೇಲೆ ಕೂತರು. ಮನೆಯ ಪಾಲು ಬೇಗ ಮುಗಿಯಿತು. ತೊಡಕಾದದ್ದು ಹಿತ್ತಲು, ಅತ್ತೆಯ ಕೋಣೆ ಅದರ ನಟ್ಟನಡುವೆ ನಿಂತಿತ್ತು. ಅದು ಉಳಿದರೆ ಹಿತ್ತಲು ನೆಟ್ಟಗೆ ಎರಡಾಗುವಂತಿರಲಿಲ್ಲ. ಅಜ್ಜಿ ಕೊಟ್ಟ ಕೋಣೆ, ಇರುವತನಕ ಅದೊಂದಿದ್ದರೆ ಸಾಕು ಎಂದಳು ಅತ್ತೆ. ಅದು ಸೌದೆ ಕೊಟ್ಟಿಗೆ, ಅವ್ವ ಸತ್ತ ಮೇಲೆ ಇವಳೇ ಬಂದು ಸೇರಿಕೊಂಡಳು ಎಂದ ದೊಡ್ಡಪ್ಪ, ಕಣ್ಣು ಮಿಟುಕಿಸದೆ. ಅಪ್ಪ ಚಾಪೆಯ ಕಡ್ಡಿ ಕೀಳುತ್ತ ಕೂತ. ಯಜಮಾನರಿಗೆ ಯಾರನ್ನು ನಂಬಬೇಕೋ ತಿಳಿಯದೆ ಮುಖ ಮುಖ ನೋಡಿಕೊಂಡಾಗ, ಕಂಬದ ಹತ್ತಿರ ನಿಂತಿದ್ದ ನಾನು ಓಡಿದೆ. ಅತ್ತೆಯ ಪೆಟ್ಟಿಗೆಯಿಂದ ಹದಿನಾಲ್ಕೂ ಹಾಳೆ ತಂದು ಅವರ ಮುಂದೆ ಹರಡಿ, "ಅತ್ತೆ ಮನೆಯೆಲ್ಲಾ ಬರ್ದವಳೆ, ನೋಡಿ" ಅಂದೆ. ಆ ಚಂದ ನೋಡಿದರೆ ಯಾರಿಗಾದರೂ ಮನಸ್ಸು ಕರಗೀತು ಅಂದುಕೊಂಡಿದ್ದೆ, ಮೊದ್ದು ನಾನು.

ದೊಡ್ಡಪ್ಪ ಕನ್ನಡಕ ಹಾಕಿಕೊಂಡು ಒಂದೊಂದೇ ಹಾಳೆಯನ್ನು ಫೈಲು ತಿರುವಿದಂತೆ ತಿರುವಿದ. ಆಮೇಲೆ ಅವನ ಮುಖದಲ್ಲಿ ಒಂದು ನಗು ಬಂತು. ಅದನ್ನು ನಾನು ಸಾಯುವತನಕ ಮರೆಯುವುದಿಲ್ಲ. "ನೋಡಿ ಯಜಮಾನ್ರೇ. ಒಗೆಯೋ ಕಲ್ಲದೆ, ಒರಳದೆ, ನುಗ್ಗೆಮರ ಅದೆ. ಇವಳ ಕೋಣೆ ಎಲ್ಲದೆ? ಕೋಳಿಗೂಡ ಬರ್ದೋಳು ತನ್ನ ಕೋಣೆಯ ಬರೀದೆ ಬುಟ್ಟಾಳಾ? ಇದ್ದಿದ್ರೆ ತಾನೆ ಬರೆಯಾದು!" ಯಜಮಾನರು ಬಗ್ಗಿ ಬಗ್ಗಿ ಹುಡುಕಿದರು. ಹದಿನಾಲ್ಕರಲ್ಲಿ ಒಂದರಲ್ಲೂ ಆ ಕೋಣೆ ಇರಲಿಲ್ಲ. "ನಾ ಅಲ್ಲೇ ಬಾಗ್ಲಲ್ಲಿ ಕುಂತು ಬರ್ದೆ ಕಣಣ್ಣ" ಎಂದಳು ಅತ್ತೆ, ನಗಬೇಕೋ ಅಳಬೇಕೋ ತಿಳಿಯದವಳ ದನಿಯಲ್ಲಿ. "ಕುಂತಿರೋ ಜಾಗ ಚಿತ್ರದಲ್ಲಿ ಎಂಗೆ ಬಂದದು?" ಸೌದೆ ಕೊಟ್ಟಿಗೆಯಲ್ಲಿ ಕುಂತು ಯಾರಾದ್ರೂ ಚಿತ್ರ ಬರೀತಾರಾ ಎಂದು ಒಬ್ಬ ಯಜಮಾನ ನಕ್ಕ. "ಅಲ್ಲೇ ಕುಂತು ಬರ್ದೆ, ಅಲ್ಲೇ ಬಾಳ್ದೆ ಅನ್ನಕ್ಕೆ ಯಾರವ್ರೆ ಸಾಕ್ಷಿ?" ಎಂದ ದೊಡ್ಡಪ್ಪ.

ಅತ್ತೆ ತಲೆಯೆತ್ತಿ ನೇರ ನನ್ನನ್ನು ನೋಡಿದಳು. ನಾನೂ ಅವಳನ್ನು ನೋಡಿದೆ. ಎಲ್ಲ ನನಗೆ ಗೊತ್ತಿತ್ತು: ಅವಳನ್ನು ಅಲ್ಲಿಗೆ ಅಟ್ಟಿದ್ದು ಯಾರೆಂದು, ಅಜ್ಜಿ ಗಾರೆ ಹಾಕಿಸಿದ್ದು ಯಾವಾಗೆಂದು. ಅಪ್ಪನ ಕೈ ನನ್ನ ಭುಜದ ಮೇಲೆ ಬಂದು ಕೂತಿತು. ಹೊಡೆಯಲಿಲ್ಲ, ಹಿಂಡಲಿಲ್ಲ, ಸುಮ್ಮನೆ ಇತ್ತು. ನಾನು ಬಾಯಿ ಬಿಡಲಿಲ್ಲ.

ಆಷಾಢಕ್ಕೆ ಮೊದಲು ಕೋಣೆ ಕೆಡವಿ, ಅದು ನಿಂತಿದ್ದ ಜಾಗದ ಮೇಲೇ ಗೋಡೆ ಎಬ್ಬಿಸಿದರು. ಹೊಲಿಗೆ ಮಿಷನ್ನು, ಪೆಟ್ಟಿಗೆ ತೆಗೆದುಕೊಂಡು ಅತ್ತೆ ಟಿ. ನರಸೀಪುರದ ಬಸ್ಸು ಹತ್ತಿದಳು; ಹಾಳೆಗಳನ್ನು ಮುಟ್ಟಲಿಲ್ಲ. ದೊಡ್ಡಮ್ಮ ಅವನ್ನು ಕತ್ತರಿಸಿ ಬೇಳೆ ಡಬ್ಬಗಳ ಕೆಳಗೆ ಹಾಸಿಕೊಂಡಳು. ಮುಂದೆ ಮನೆಯೂ ಹೋಯಿತು, ಈಗ ಅಲ್ಲಿ ಯಾರದೋ ಮೂರಂತಸ್ತು ನಿಂತಿದೆ. ದೊಡ್ಡಪ್ಪ ಸತ್ತಾಗ ನಾನು ಅಳಲಿಲ್ಲ. ಅಪ್ಪ ಸತ್ತಾಗ ಕಣ್ಣೀರು ಹಾಕಿದೆ, ಅವನ ಆ ಕೈಯನ್ನು ಮಾತ್ರ ಮುಟ್ಟಲಾಗಲಿಲ್ಲ. ಅವರೆಲ್ಲ ಕೆಟ್ಟವರು ಎಂದು ಬರೆದು ಮುಗಿಸಿದ್ದರೆ ಎಷ್ಟು ಹಾಯಾಗಿರುತ್ತಿತ್ತು.

ಹನ್ನೆರಡು ವರ್ಷ ಕಳೆದು, ನನ್ನ ಮದುವೆ ಗೊತ್ತಾದಾಗ, ಲಗ್ನಪತ್ರಿಕೆ ಹಿಡಿದು ಅತ್ತೆಯನ್ನು ಹುಡುಕಿಕೊಂಡು ಹೋದೆ. ನರಸೀಪುರದಲ್ಲೇ ಸೋಸಲೆ ರಸ್ತೆಯ ಒಂದು ಬಾಡಿಗೆ ಕೋಣೆಯಲ್ಲಿದ್ದಳು, ಕೂದಲು ಪೂರ್ತಿ ಬೆಳ್ಳಗಾಗಿತ್ತು. ಗೋಡೆಯ ಮೇಲೆ ಒಂದೂ ಚಿತ್ರ ಇರಲಿಲ್ಲ. ಕಾಫಿ ಕೊಟ್ಟಳು, ಹುಡುಗ ಏನು ಮಾಡುತ್ತಾನೆಂದು ಕೇಳಿದಳು, ನನ್ನ ಕೆನ್ನೆ ಸವರಿದಳು. ಬಸ್ಸಿನುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದ ಮಾತನ್ನು ಕೊನೆಗೂ ತೆಗೆದೆ. "ಅತ್ತೆ, ಆ ಪಂಚಾಯ್ತಿ ದಿನ..." ಅಷ್ಟೇ ಅಂದದ್ದು. ಮತ್ತೆ ಹೊಲಿಗೆಗೆ ಕೂತಿದ್ದ ಅವಳು ಮಿಷನ್ನಿನಿಂದ ತಲೆಯೆತ್ತಲಿಲ್ಲ. "ಅವತ್ತು ನೀನೆಲ್ಲಿದ್ದೆ ಕೂಸೇ? ರಜಕ್ಕೆ ನಿಮ್ಮಮ್ಮನ ಊರಿಗೆ ಓಗಿದ್ದೆಯಲ್ಲ. ನೀ ಅಲ್ಲಿದ್ದಿದ್ರೆ ಯೋಳ್ದೆ ಬುಡ್ತಿದ್ದೆಯಾ?" ಅಂದಳು.

ನಿಜಕ್ಕೂ ಮರೆತಿದ್ದಳೋ, ನನ್ನನ್ನು ಕಾಯಲೆಂದು ಹಾಗಂದಳೋ, ಶಿಕ್ಷೆಯೆಂದೇ ಅಂದಳೋ ನನಗೆ ತಿಳಿಯಲಿಲ್ಲ. ಇಲ್ಲ ಅತ್ತೆ, ನಾನಲ್ಲೇ ಇದ್ದೆ, ನೀನು ನನ್ನನ್ನು ನೋಡಿದೆ, ಎನ್ನುವುದಕ್ಕೆ ಒಂದು ಉಸಿರು ಸಾಕಾಗಿತ್ತು. ಆ ಬಾಡಿಗೆ ಕೋಣೆಯಲ್ಲಿ ನನ್ನ ಭುಜದ ಮೇಲೆ ಯಾರ ಕೈಯೂ ಇರಲಿಲ್ಲ. "ಹೂಂ ಅತ್ತೆ, ಅಮ್ಮನ ಊರಲ್ಲಿದ್ದೆ" ಅಂದೆ.