ಮೇಷ್ಟ್ರು ಕಾಯ್ದಿಟ್ಟ ಕ್ಯಾಮೆರಾ

ಅವರ ಬಲಗಣ್ಣಿನ ಸುತ್ತ ಬಳೆಯಂತೆ ದುಂಡಗಿನ ಕಪ್ಪು ಗುರುತೊಂದಿತ್ತು. ಮೂವತ್ತು ವರ್ಷ ಭೂತಗನ್ನಡಿಯನ್ನು ಹುಬ್ಬಿಗೂ ಕೆನ್ನೆಗೂ ನಡುವೆ ಸಿಕ್ಕಿಸಿಕೊಂಡು ಕೂತದ್ದರ ಫಲ ಅದು. ಮುಖ ತೊಳೆದರೂ ಹೋಗುತ್ತಿರಲಿಲ್ಲ. ಮಾತಾಡುವಾಗ ಎಡಗಣ್ಣು ನಮ್ಮನ್ನು ನೋಡುತ್ತಿತ್ತು, ಬಲಗಣ್ಣು ಇನ್ನೂ ಯಾವುದೋ ಸಣ್ಣ ಚಕ್ರದ ಹಲ್ಲು ಎಣಿಸುತ್ತಿರುವಂತೆ ಕಿರಿದಾಗಿಯೇ ಇರುತ್ತಿತ್ತು.

ಪಾಂಡವಪುರದಲ್ಲಿ ಎಲ್ಲರೂ ಅವರನ್ನು ಮೇಷ್ಟ್ರು ಎನ್ನುತ್ತಿದ್ದರು. ಯಾವ ಸ್ಕೂಲಿನಲ್ಲೂ ಪಾಠ ಮಾಡಿದವರಲ್ಲ. ವಾಚು, ರೇಡಿಯೋ, ಕ್ಯಾಮೆರಾ ರಿಪೇರಿ ಮಾಡುತ್ತಿದ್ದರು. ತೊಂಬತ್ತರ ದಶಕದಲ್ಲಿ ಅವರ ಅಂಗಡಿಗೆ ಅಂಟಿಕೊಂಡಂತೆ ನನ್ನ ಎಸ್‌ಟಿಡಿ ಬೂತು ಇತ್ತು. ಚಿಕ್ಕಂದಿನಲ್ಲಿ ಪೋಲಿಯೋ ಆಗಿ ನನ್ನ ಎಡಗಾಲು ಸೊರಗಿತ್ತು. ಅಂಗವಿಕಲರಿಗೆ ಕೊಡುವ ಬೂತು ಸಿಕ್ಕಿದಾಗ ನನಗೆ ಇಪ್ಪತ್ನಾಲ್ಕು ವರ್ಷ. ಅಂಗಡಿ ಸಾಲಿನಲ್ಲಿ ಮೇಷ್ಟ್ರೊಬ್ಬರೇ ನನ್ನ ಊರುಗೋಲನ್ನು ನೋಡಿ ಅಯ್ಯೋ ಪಾಪ ಅನ್ನಲಿಲ್ಲ. ಅದರ ತುದಿಯನ್ನು ಬೆರಳಿನಿಂದ ಒತ್ತಿ, "ರಬ್ಬರು ಸೋತೈತೆ ಕಣವ್ವ, ಜಾರ್ತೀಯ" ಎಂದು ಹಳೇ ಟೈರಿನ ತುಂಡು ಕೊಯ್ದು ಹೊಸ ಪಾದ ಹಾಕಿಕೊಟ್ಟರು.

ಯಾವ ವಸ್ತುವನ್ನೂ ಅವರು ಕೆಟ್ಟಿದೆ ಎನ್ನುತ್ತಿರಲಿಲ್ಲ, ಸೋತೈತೆ ಎನ್ನುತ್ತಿದ್ದರು. ಬಿಚ್ಚಿದ ಸ್ಕ್ರೂಗಳನ್ನೆಲ್ಲ ಅಮೃತಾಂಜನದ ಡಬ್ಬಿಯ ಮುಚ್ಚಳದಲ್ಲಿ ಹಾಕಿ, ಟೀ ಬಂದರೂ ಬಿಚ್ಚಿದ ವಸ್ತುವನ್ನು ಮುಚ್ಚದೆ ಲೋಟ ಮುಟ್ಟುತ್ತಿರಲಿಲ್ಲ. "ಬಿಚ್ಚಿದೋನೇ ಮುಚ್ಚಬೇಕು" ಎನ್ನುವುದು ಅವರ ಮಾತು.

ಅವರ ಮೇಜಿನ ಕೆಳಗಿನ ಗೂಡಿನಲ್ಲಿ, ಹಳೇ ಲುಂಗಿ ಸುತ್ತಿದ ಒಂದು ಕ್ಯಾಮೆರಾ ಇತ್ತು. ಒಂದರ ಮೇಲೊಂದು ಎರಡು ಮಸೂರ ಇರುವ, ಮೇಲಿಂದ ಬಗ್ಗಿ ನೋಡುವ ಜರ್ಮನಿಯ ಕ್ಯಾಮೆರಾ. ದೇವಲಾಪುರದ ಒಬ್ಬ ಫೋಟೋಗ್ರಾಫರು ಹತ್ತಾರು ವರ್ಷದ ಹಿಂದೆ ರಿಪೇರಿಗೆ ಕೊಟ್ಟು ಹೋದವರು ತಿರುಗಿ ಬಂದಿರಲಿಲ್ಲ. ಮೇಷ್ಟ್ರು ರಿಪೇರಿ ಮುಗಿಸಿ, ಹದಿನೈದು ದಿನಕ್ಕೊಮ್ಮೆ ಅದನ್ನು ಹೊರತೆಗೆದು ಒರೆಸಿ, ರೀಲು ಇಲ್ಲದೆಯೇ ನಾಲ್ಕು ಸಲ ಕ್ಲಿಕ್ ಅನ್ನಿಸುತ್ತಿದ್ದರು. ಸುಮ್ಮನೆ ಇಟ್ಟರೆ ಒಳಗಿನ ಶಟರಿನ ರೆಕ್ಕೆಗಳು ಅಂಟಿಕೊಂಡುಬಿಡುತ್ತವಂತೆ.

ಮೇಲುಕೋಟೆಗೆ ಹೊರಟಿದ್ದ ಬೆಂಗಳೂರಿನವರೊಬ್ಬರು ವಾಚಿನ ಪಟ್ಟಿ ಹಾಕಿಸಲು ನಿಂತಾಗ ಆ ಕ್ಯಾಮೆರಾ ಕಂಡರು. ಎರಡು ಸಾವಿರ ಕೊಡುತ್ತೇನೆ ಎಂದರು. "ನಂದಲ್ಲ ಸ್ವಾಮಿ, ಮಾರಕ್ಕೆ ಆಗಕ್ಕಿಲ್ಲ" ಎಂದರು ಮೇಷ್ಟ್ರು. ಹೋಗುವಾಗ ನನ್ನ ಬೂತಿನ ನಂಬರು ಬರೆದುಕೊಂಡಿದ್ದ ಅವರಿಂದ ಆ ವಾರವೇ ಫೋನು ಬಂತು: ಐದು ಸಾವಿರ. ಆಮೇಲೆ ಬೇರೆ ಯಾರೋ ಎಂಟು ಎಂದರು. ಬೊಂಬಾಯಿಯಿಂದ ಒಬ್ಬರು ಹಿಂದಿಯಲ್ಲಿ ಹದಿನೈದು ಎಂದಾಗ ರಿಸೀವರು ನನ್ನ ಕೈಯಿಂದ ಜಾರುವುದರಲ್ಲಿತ್ತು. ಹಳೇ ಕ್ಯಾಮೆರಾ ಕೂಡಿಡುವ ಶ್ರೀಮಂತರು ಇದ್ದಾರೆಂದು ನಮಗೆ ಗೊತ್ತಾದದ್ದೇ ಆಗ. ಶ್ರೀರಂಗಪಟ್ಟಣದ ಸ್ಟುಡಿಯೋದವರೊಬ್ಬರು ತಾತನ ಮರದ ಕ್ಯಾಮೆರಾವನ್ನು ಮುನ್ನೂರಕ್ಕೆ ಕೊಟ್ಟು, ಅದೇ ಇಪ್ಪತ್ತು ಸಾವಿರಕ್ಕೆ ಹೋಯಿತೆಂದು ತಿಳಿದು ಹಾಸಿಗೆ ಹಿಡಿದರಂತೆ. ಕೆ.ಆರ್. ಪೇಟೆಯಲ್ಲಿ ಒಂದು ಸ್ಟುಡಿಯೋದ ಹೆಂಚು ತೆಗೆದು ಕಳ್ಳರು ಇಳಿದಿದ್ದರು. ಹಣ ಮುಟ್ಟಿರಲಿಲ್ಲ, ಕ್ಯಾಮೆರಾಗಳನ್ನಷ್ಟೇ ಒಯ್ದಿದ್ದರು.

ಈಗ ನನ್ನ ತಪ್ಪನ್ನು ಹೇಳಬೇಕು. ರೇಟು ನಲವತ್ತು ಸಾವಿರ ಮುಟ್ಟಿದ ದಿನ ನನಗೆ ಏನೋ ಹೆಮ್ಮೆ. ಫೋನಿನಲ್ಲಿದ್ದವರಿಗೆ ಗಟ್ಟಿಯಾಗಿ, "ನಮ್ಮ ಮೇಷ್ಟ್ರು ಅದನ್ನ ಎಂಗೆ ಮಡಗವ್ರೆ ಗೊತ್ತಾ? ಟೇಬಲ್ ಕೆಳಗೆ ಲುಂಗೀಲಿ ಸುತ್ತಿ ಮಗೀನಂಗೆ ಮಡಗವ್ರೆ" ಎಂದುಬಿಟ್ಟೆ. ಬೂತಿನ ಬೆಂಚಿನ ಮೇಲೆ ಮೂವರು ನಾಲ್ವರು ಕೂತಿದ್ದರು. ನಮ್ಮ ಸಾಲಿನ ಕೊನೆಯಲ್ಲಿ ಹಿತ್ತಾಳೆ ಪಾತ್ರೆ, ಹಳೇ ದೀಪ ಮಾರುತ್ತಿದ್ದ ವ್ಯಾಪಾರಿಯೂ ಎಂದಿನಂತೆ ಟೀ ಕುಡಿಯುತ್ತಿದ್ದ.

ಮೂರನೆಯ ದಿನ ಮಧ್ಯಾಹ್ನ ಬಂದ ಫೋನಿನಲ್ಲಿ ರೇಟು ಇರಲಿಲ್ಲ. ಬಾಯಿಗೆ ಬಟ್ಟೆ ಅಡ್ಡ ಇಟ್ಟುಕೊಂಡಂಥ ದಪ್ಪ ದನಿ. "ಮೇಷ್ಟ್ರಿಗೆ ಯೋಳು, ಸುಮ್ನೆ ಕೊಟ್ಬುಡ್ಲಿ. ನಿನ್ ಕೋಲು ಬಾಗ್ಲಾಚೆ ಒರಗಿಸಿರ್ತೀಯಲ್ಲ, ಓಡಕ್ಕಾದದಾ ನಿಂಗೆ?" ಲೈನು ಕಟ್ಟಾಯಿತು. ಬಾಗಿಲ ಕಡೆ ನೋಡಿದೆ. ಕೋಲು ಇರಲಿಲ್ಲ.

ಹೊರಗೆ ಮಟಮಟ ಬಿಸಿಲು. ಬಸ್ಸುಗಳು ಓಡಾಡುತ್ತಿದ್ದವು, ಸೌತೆಕಾಯಿ ಮಾರುವವಳು ಕೂಗುತ್ತಿದ್ದಳು. ಅಷ್ಟು ಜನರ ಮಧ್ಯೆ ನಾನು ಕುರ್ಚಿಯಿಂದ ಏಳಲಾರದೆ, ಕೂಗಲೂ ಆಗದೆ ಕೂತಿದ್ದೆ. ಕೊನೆಗೆ ಗೋಡೆಯನ್ನು ಗುದ್ದಿದೆ. ಮೇಷ್ಟ್ರು ಬಂದರು. ಕೋಲು ಅವರ ಅಂಗಡಿಯ ಮುಂದಿನ ಮೋರಿಯಲ್ಲಿ ಬಿದ್ದಿತ್ತು.

ಅಳುತ್ತಾ ಎಲ್ಲವನ್ನೂ ಹೇಳಿದೆ, ನಾನು ಬಾಯಿಬಿಟ್ಟದ್ದನ್ನೂ. ಬೈಯುತ್ತಾರೆಂದುಕೊಂಡಿದ್ದೆ. ಅವರು ಕೋಲನ್ನು ತೊಳೆದು ಒರೆಸಿ ನನ್ನ ಕೈಗೆ ಕೊಟ್ಟರು. ಜೋತುಬಿದ್ದಿದ್ದ ರಿಸೀವರನ್ನು ಅದರ ಜಾಗದಲ್ಲಿಡಲು ಹೋಗಿ ಅವರ ಕೈ ಎರಡು ಸಲ ತಪ್ಪಿತು. ಕೂದಲೆಳೆಯಂಥ ಸ್ಪ್ರಿಂಗು ಹಿಡಿಯುವ ಕೈ ಅದು.

"ನಂಗೂ ಭಯ ಆಯ್ತದೆ ಕಣವ್ವ. ಸುಳ್ಯಾಕೆ ಯೋಳ್ಲಿ?" ಎಂದರು.

"ಕೊಟ್ಬುಡಿ ಮೇಷ್ಟ್ರೇ. ಆ ಫೋಟೋದಯ್ಯ ಇನ್ನೆಲ್ಲಿ ಬತ್ತಾನೆ?"

"ಬರದೆ ಓದ್ರೆ ನಂದಾಗ್ಬುಡ್ತದಾ? ಇವತ್ತು ಬತ್ತಾನೆ ನಾಳೆ ಬತ್ತಾನೆ ಅಂತ ಕಾದಿದ್ದು ಸಾಕು, ನಾವೇ ದೇವಲಾಪುರಕ್ಕೆ ಒಯ್ದು ಕೊಟ್ಬುಡಾಣ."

ಪೊಲೀಸಿಗೆ ಹೇಳೋಣವೆಂದರೆ ಹೇಳುವುದಕ್ಕೆ ಒಂದು ಹೆಸರೂ ಇರಲಿಲ್ಲ. ಮೇಷ್ಟ್ರು ಕ್ಯಾಮೆರಾ ಹಿಡಿದು ಹೊರಟರೆ ಯಾರಾದರೂ ಹಿಂದೆ ಬೀಳುವುದು ಖಂಡಿತ. ನಾನೇ ಒಯ್ಯುತ್ತೇನೆ ಎಂದೆ. ಆ ಮಾತು ನನ್ನ ಬಾಯಿಂದ ಹೇಗೆ ಬಂತೋ ಇವತ್ತಿಗೂ ಗೊತ್ತಿಲ್ಲ. ಮೇಷ್ಟ್ರು ಒಪ್ಪಿದರು.

ಮರುದಿನ ಬೆಳಿಗ್ಗೆ ಅವರು ಒಂದು ಹಳೇ ಅಲಾರಂ ಗಡಿಯಾರವನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಎಲ್ಲರಿಗೂ ಕಾಣುವಂತೆ ಎದೆಗವಚಿಕೊಂಡು ಶ್ರೀರಂಗಪಟ್ಟಣದ ಬಸ್ಸು ಹತ್ತಿದರು. ಅರ್ಧ ಗಂಟೆ ಬಿಟ್ಟು ನಾನು ನಾಗಮಂಗಲದ ಬಸ್ಸು ಹತ್ತಿದೆ. ಚೀಲದಲ್ಲಿ ಕೆಳಗೆ ಕ್ಯಾಮೆರಾ, ಮೇಲೆ ಹುರಿಹಿಟ್ಟಿನ ಪೊಟ್ಟಣ. ಜಕ್ಕನಹಳ್ಳಿಯಲ್ಲಿ ಒಬ್ಬ ಹತ್ತಿ ನನ್ನ ಪಕ್ಕವೇ ನಿಂತು, "ಚೀಲ ಭಾರ ಐತೇನಕ್ಕ, ಮೇಲಿಡ್ಲಾ?" ಎಂದು ಕೈ ಚಾಚಿದ. ನಾನು ಚೀಲವನ್ನು ಎಷ್ಟು ಬಿಗಿಯಾಗಿ ಅವುಚಿಕೊಂಡೆನೆಂದರೆ ಕ್ಯಾಮೆರಾದ ಮೂಲೆ ಪಕ್ಕೆಲುಬಿಗೆ ಒತ್ತಿ ಗಾಯವಾಯಿತು. ಅವನು ನನ್ನನ್ನು ವಿಚಿತ್ರವಾಗಿ ನೋಡಿ ಮುಂದಿನ ಊರಿನಲ್ಲಿ ಇಳಿದುಹೋದ. ಪಾಪ, ಯಾರೋ ಒಳ್ಳೆಯವನೇ ಇರಬೇಕು.

ನಾಗಮಂಗಲದಲ್ಲಿ ಬಸ್ಸು ಬದಲಿಸಿ ದೇವಲಾಪುರ ಮುಟ್ಟಿ, ವಿಚಾರಿಸಿಕೊಂಡು ಹೋದರೆ ಫೋಟೋಗ್ರಾಫರು ತೀರಿಕೊಂಡಿದ್ದರು. ಮಗಳು ಡೈರಿಗೆ ಹಾಲು ಹಾಕಿ ಬಂದು ಕ್ಯಾನು ತೊಳೆಯುತ್ತಿದ್ದಳು. ಚರ್ಮದ ಕವಚದ ಒಳಗೆ ಮಸಿಯಲ್ಲಿ ಬರೆದಿದ್ದ ಅಪ್ಪನ ಹೆಸರನ್ನು ಓದಿ ಅಲ್ಲೇ ಕುಸಿದಳು.

"ಲಕ್ವ ಒಡ್ದು ಬಾಯಿ ನಿಂತೋಯ್ತು ಕಣಕ್ಕ. ಕೈಯಲ್ಲಿ ಇಂಗೇ ಒತ್ತಿ ಒತ್ತಿ ತೋರಿಸ್ತಿದ್ರು. ಕ್ಯಾಮೆರಾ ಅಂತ ತಿಳೀತು. ಯಾರ ತಾವ ಕೊಟ್ಟವ್ರೆ ಅಂತ ತಿಳೀನಿಲ್ಲ."

ಬೆಲೆ ಹೇಳಿದಾಗ ಅವಳ ಮುಖದಲ್ಲಿ ಸಂತೋಷಕ್ಕಿಂತ ಮೊದಲು ಭಯ ಬಂತು. ಎದ್ದು ಬಾಗಿಲು ಹಾಕಿದಳು. ಅವಳೂ ಅವಳಣ್ಣನೂ ಆ ವಾರವೇ ಮೈಸೂರಿಗೆ ಹೋಗಿ ಅದನ್ನು ಮಾರಿ ನೆಮ್ಮದಿಯಾದರು.

ಮೇಷ್ಟ್ರಿಗೆ ಆ ನೆಮ್ಮದಿ ಸಿಗಲಿಲ್ಲ. ಶ್ರೀರಂಗಪಟ್ಟಣದಲ್ಲಿ ಇಳಿದ ಅವರನ್ನು ಇಬ್ಬರು ಹೊಳೆಯ ಕಡೆಗೆ ಎಳೆದುಕೊಂಡು ಹೋಗಿ ಪೆಟ್ಟಿಗೆ ಬಿಚ್ಚಿದರು. ಗಡಿಯಾರ ಕಂಡ ಸಿಟ್ಟಿಗೆ ಅವರ ಬಲಗೈಯನ್ನು ಕಲ್ಲಿನ ಮೇಲಿಟ್ಟು ತುಳಿದರು. ಕ್ಯಾಮೆರಾ ಎಲ್ಲಿ ಎಂದು ಎಷ್ಟು ಕೇಳಿದರೂ ಅವರು ಹೇಳಲಿಲ್ಲ. ಆ ಹೊತ್ತಿಗೆ ನಾನಿನ್ನೂ ಬಸ್ಸಿನಲ್ಲಿದ್ದೆ.

ಮೂರು ಬೆರಳು ಮತ್ತೆ ನೆಟ್ಟಗಾಗಲಿಲ್ಲ. ಯಾರು ಹೊಡೆದದ್ದು ಎಂದು ಪೊಲೀಸರು ಕೇಳಿದರೆ, "ಯಾರೋ ಆಚೆಯೋರು, ಗುರ್ತು ಸಿಗ್ನಿಲ್ಲ" ಎಂದರು. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವರ ಕಣ್ಣು, ನನ್ನ ಕೈ ಎನ್ನುವಂತೆ ಕೆಲಸ ಮಾಡಿಸಿದರು. ಬೂತುಗಳ ಕಾಲ ಮುಗಿದ ಮೇಲೆ ನನಗೆ ಅನ್ನ ಹಾಕಿದ್ದು ಆ ವಿದ್ಯೆಯೇ.

ದಶಕ ಮುಗಿಯುವ ಹೊತ್ತಿಗೆ ಅವರಿಗೆ ಎದೆರೋಗ ಬಂತು. ಒಂದು ದಿನ ನೋಡಲು ಹೋದಾಗ ಹೆಂಡತಿಯನ್ನು ನೀರು ತರಲು ಕಳಿಸಿ, ಮೆಲ್ಲಗೆ ಹೇಳಿದರು: "ಅವತ್ತು ಹೊಳೆ ತಾವ ಇಬ್ರು ತುಳೀತಿದ್ರು. ಮೇಲೆ ಮರದ ತಾವ ಒಬ್ಬ ನಿಂತು ನೋಡ್ತಿದ್ದ. ನಮ್ ಪಾತ್ರೆ ಅಂಗಡಿಯೋನು ಕಣವ್ವ."

ಅಷ್ಟು ವರ್ಷ ಅವನು ದಿನಾ ನನ್ನ ಬೆಂಚಿನ ಮೇಲೆ ಟೀ ಕುಡಿದಿದ್ದ. ಯಾಕೆ ಮುಚ್ಚಿಟ್ಟಿರಿ ಎಂದು ಕೇಳಿದೆ.

"ಒಬ್ಬಳೇ ಕೂತಿರ್ತೀಯ. ನಾನು ಎಸ್ರು ಯೋಳಿದ್ರೆ ಅವ್ನು ಮೊದ್ಲು ನಿನ್ ತಾವ್ಕೆ ಬತ್ತಿದ್ದ. ನಾನು ಮರ್ತಂಗೆ ಇರೋಗಂಟ ಅವ್ನೂ ಮರ್ತಂಗೆ ಇರ್ತಾನೆ ಅಂತ."

ಮುಂದಿನ ಸೋಮವಾರ ಮೇಷ್ಟ್ರು ತೀರಿಕೊಂಡರು. ಅಂಗಡಿ ಸಾಲಿನವರೆಲ್ಲ ಬಂದರು. ದೇವಲಾಪುರದಿಂದ ಆ ಅಣ್ಣ ತಂಗಿ ಬಂದರು. ಚಟ್ಟ ಎತ್ತುವಾಗ ಮುಂದಿನ ಕೊನೆಗೆ ಹೆಗಲು ಕೊಟ್ಟವನು ಪಾತ್ರೆ ಅಂಗಡಿಯವನು. ಕಣ್ಣೂ ಒರೆಸಿಕೊಳ್ಳುತ್ತಿದ್ದ.

ನಾನು ಜನರನ್ನು ಸರಿಸಿಕೊಂಡು ಅವನೆದುರು ಹೋಗಿ ನಿಂತೆ.

"ನೀನು ಎಗ್ಲು ಬುಡಣ್ಣ," ಎಂದೆ. "ಮೇಷ್ಟ್ರು ನನ್ ತಾವ ಎಲ್ಲಾನೂ ಯೋಳವ್ರೆ."

ಅವನು ನನ್ನನ್ನೇ ದಿಟ್ಟಿಸಿದ. ನಾನು ಕಣ್ಣು ತಗ್ಗಿಸಲಿಲ್ಲ. ಸುತ್ತಲಿನವರು ಒಬ್ಬರ ಮುಖ ಒಬ್ಬರು ನೋಡಿದರು. ಅವನ ಹೆಗಲು ನಿಧಾನವಾಗಿ ಕೆಳಗಿಳಿಯಿತು, ಚಟ್ಟ ಒಂದು ಕಡೆಗೆ ವಾಲಿತು. ಅದು ನೆಲ ಮುಟ್ಟುವ ಮೊದಲೇ ದೇವಲಾಪುರದ ಫೋಟೋಗ್ರಾಫರ ಮಗ ಮುಂದೆ ನುಗ್ಗಿ ಹೆಗಲು ಕೊಟ್ಟ.